12ರ ಮಗ್ಗಿಯಲ್ಲಿ ಸಿಗುವ ಜೋಡಿಗಳು: ಮಗಳ ನೋಟ್‌ಬುಕ್ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ. ನಾವು ಮಲ್ಲೇಶ್ವರದಲ್ಲಿದ್ದೇವೆ. ಮಗಳು ಮೊದಲ ಪಿಯುಸಿ, ಪಿಸಿಎಂಸಿ ತಗೊಂಡಿದ್ದಾಳೆ. ನಾಲ್ಕು ತಿಂಗಳಿಂದ ಒಂದು ನೋಟ್‌ಬುಕ್ ಹಿಡಿದು ಕೂತಿದ್ದಾಳೆ. 11ನೇ ಕ್ರಾಸ್, 13ನೇ ಕ್ರಾಸ್, 17, 19 ಅಂತ ನಮ್ಮ ಏರಿಯಾದ ಬೋರ್ಡ್‌ಗಳನ್ನು ನೋಡಿಯೇ ಇದು ಶುರುವಾದದ್ದಂತೆ. ಎರಡೇ ಅಂತರದಲ್ಲಿರುವ ಇಂಥ ಅವಳಿ ಅವಿಭಾಜ್ಯ ಸಂಖ್ಯೆಗಳನ್ನು ಕೂಡಿದರೆ ಉತ್ತರ ಯಾವಾಗಲೂ 12ರ ಮಗ್ಗಿಯಲ್ಲೇ ಬರುತ್ತದೆ ಅಂತಾಳೆ. ತಿರುಗಿಸಿ ಹೇಳಿದರೂ ನಿಜವಂತೆ: ಒಂದರ ಪಕ್ಕ ಒಂದು ಬರುವ ಎರಡು ಅವಿಭಾಜ್ಯಗಳ ಮೊತ್ತ 12ರ ಮಗ್ಗಿಯಲ್ಲಿದ್ದರೆ ಅವು ಅವಳಿಗಳೇ ಆಗಿರಬೇಕಂತೆ. ನೂರರವರೆಗೆ ಕೈಯಲ್ಲೇ ಲೆಕ್ಕ ಹಾಕಿದ್ದಾಳೆ. ಕೊನೆಗೆ ಈ ಅವಳಿಗಳು ಮುಗಿಯುವುದೇ ಇಲ್ಲ ಅಂತ ಆರು ಪುಟದ ಸಾಧನೆ (ಪ್ರೂಫ್) ಬರೆದು ಇಂಟರ್ನೆಟ್‌ಗೆ ಹಾಕಿದ್ದಾಳೆ. ಈಗ ಯಾವುದೋ ಜರ್ನಲ್‌ನಿಂದ ಮೇಲ್ ಬಂದಿದೆ. 6,500 ರೂಪಾಯಿ ಕಟ್ಟಿದರೆ ಹದಿನೈದು ದಿನದಲ್ಲಿ ಪ್ರಕಟಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಸಾಫ್ಟ್‌ವೇರ್‌ನಲ್ಲಿರುವ ನನ್ನ ತಮ್ಮ, "ಅಕ್ಕಾ, ಬ್ಯಾಂಕ್ ಸೆಕ್ಯುರಿಟಿಯೆಲ್ಲ ಇದರ ಮೇಲೇ ನಿಂತಿರೋದು, ಮೊದಲು ಪೇಟೆಂಟ್ ಮಾಡಿಸು" ಅಂತಾನೆ. ಅವರಪ್ಪ "ಇನ್ನೇನು ಸಿಇಟಿ ಬಂತು, ಆ ನೋಟ್‌ಬುಕ್ ಎತ್ತಿಡು" ಅಂತಾರೆ. ನನಗೆ ಗಣಿತ ಅಷ್ಟಾಗಿ ಬರಲ್ಲ. ದುಡ್ಡು ಕಟ್ಟಲಾ? ಅವಳು ಬರೆದದ್ದು ಸರಿಯಾ? ತಪ್ಪಾಗಿದ್ದರೆ ಹೇಗೆ ಹೇಳಲಿ?

ಉತ್ತರ: ಮೇಡಂ, ನಮಸ್ಕಾರ. ನೀವು ಕಳಿಸಿದ ಆರು ಪುಟಗಳನ್ನೂ ನೋಟ್‌ಬುಕ್ಕಿನ ಫೋಟೋಗಳನ್ನೂ ಪೂರ್ತಿ ಓದಿದೆ. ಪೆನ್ಸಿಲ್ ಹಿಡಿದು ಅವಳ ಪಟ್ಟಿಯ ಒಂದೊಂದು ಸಾಲನ್ನೂ ಕೂಡಿ ನೋಡಿದೆ. ಎಲ್ಲೂ ಲೆಕ್ಕ ತಪ್ಪಿಲ್ಲ. ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ: ಕಟ್ಟಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವಳು ಹೇಳಿರುವುದು ಮೂರು ಮಾತು. ಒಂದು ನಿಜ. ಒಂದು ಸುಳ್ಳು. ಇನ್ನೊಂದನ್ನು ಇವತ್ತಿನವರೆಗೆ ಪ್ರಪಂಚದಲ್ಲಿ ಯಾರಿಗೂ ಸಾಧಿಸಲು ಆಗಿಲ್ಲ. ಈ ಮೂರನ್ನೂ ಬೇರೆಬೇರೆ ಮಾಡಿ ನೋಡಿದರೆ ನಿಮ್ಮ ಆತಂಕ ಅರ್ಧ ಕಡಿಮೆಯಾಗುತ್ತದೆ.

ಮೊದಲು ನಿಜವಾದದ್ದು. ನಿಮ್ಮ ಏರಿಯಾದ ಕ್ರಾಸ್‌ಗಳನ್ನೇ ತಗೊಳ್ಳಿ. 11 ಮತ್ತು 13ರ ನಡುವೆ 12. 17 ಮತ್ತು 19ರ ನಡುವೆ 18. ಪಕ್ಕಪಕ್ಕದ ಯಾವ ಮೂರು ಸಂಖ್ಯೆ ತಗೊಂಡರೂ ಅದರಲ್ಲಿ ಒಂದು 3ರ ಮಗ್ಗಿಯಲ್ಲಿ ಬರಲೇಬೇಕು. ಆಚೆ ಈಚೆ ಇರುವ ಎರಡೂ 3ಕ್ಕಿಂತ ದೊಡ್ಡ ಅವಿಭಾಜ್ಯಗಳು, ಅವು 3ರ ಮಗ್ಗಿಗೆ ಸೇರುವುದಿಲ್ಲ. ಹಾಗಾದರೆ ಸೇರಬೇಕಾದದ್ದು ನಡುವಿನದೇ. ಅದು ಸಮಸಂಖ್ಯೆಯೂ ಹೌದು. ಅಂದಮೇಲೆ ನಡುವಿನ ಸಂಖ್ಯೆ 6ರ ಮಗ್ಗಿಯಲ್ಲಿದೆ. ಎರಡು ತುದಿಗಳ ಮೊತ್ತ ಅಂದರೆ ನಡುವಿನದರ ಎರಡರಷ್ಟು, ಹಾಗಾಗಿ 12ರ ಮಗ್ಗಿ. 5+7=12, 11+13=24, 17+19=36, 29+31=60. ಮೊದಲ ಜೋಡಿ 3+5=8 ಮಾತ್ರ ಹೊರಗೆ. ಇದು ತುಂಬಾ ಹಿಂದಿನಿಂದ ಗೊತ್ತಿರುವ ವಿಷಯ. ಆದರೆ ಅವಳು ಯಾವ ಪುಸ್ತಕವನ್ನೂ ನೋಡದೆ ಕಂಡುಕೊಂಡಿದ್ದಾಳೆ, ಕಾರಣವನ್ನೂ ಸರಿಯಾಗಿ ಬರೆದಿದ್ದಾಳೆ. ಮೂರನೇ ಪುಟದ ಆ ಐದು ಸಾಲನ್ನು ನಾನೇ ಬರೆದಿದ್ದರೂ ಬೇರೆ ಥರ ಬರೆಯುತ್ತಿರಲಿಲ್ಲ.

ಈಗ ಎರಡನೇ ಮಾತು, ತಿರುಗಿಸಿ ಹೇಳಿದ್ದು. ಅವಳ ಪಟ್ಟಿ 89+97=186ಕ್ಕೆ ನಿಂತಿದೆ. ಅಲ್ಲಿಯವರೆಗೆ ಅವಳ ಮಾತು ಒಂದು ಸಲವೂ ಸೋಲುವುದಿಲ್ಲ. ಮುಂದಿನ ಸಾಲುಗಳು ಹೀಗೆ: 97+101=198, ಇಲ್ಲ. 101+103=204, ಅವಳಿ, ಸರಿ. 103+107=210, ಇಲ್ಲ. 107+109=216, ಅವಳಿ, ಸರಿ. 109+113=222, ಇಲ್ಲ. ಆಮೇಲೆ ಬರುವುದು 113. ಅದರ ನಂತರದ ಅವಿಭಾಜ್ಯ 127. ನಡುವೆ 115, 117, 119, 121, 123, 125 ಎಲ್ಲವೂ ಒಡೆಯುತ್ತವೆ. 113+127=240. ಇದು 12×20. ಅಂತರ ಮಾತ್ರ 14! ಅಲ್ಲಿಗೆ ಅವಳ ಎರಡನೇ ಮಾತು ಬಿದ್ದುಹೋಯಿತು.

ಅಷ್ಟು ದೂರ ನಿಜವಾಗಿದ್ದದ್ದು ಇದ್ದಕ್ಕಿದ್ದಂತೆ ಯಾಕೆ ಮುರಿಯಿತು? ಇದಕ್ಕೂ ಕಾರಣವಿದೆ. ಮೊತ್ತ 12ರ ಮಗ್ಗಿಯಲ್ಲಿ ಇರಬೇಕಾದರೆ ಎರಡರ ಸರಿಮಧ್ಯದ ಸಂಖ್ಯೆ 6ರ ಮಗ್ಗಿಯಲ್ಲಿ ಇರಬೇಕು. ಅಲ್ಲಿಂದ ಎರಡೂ ಕಡೆಗೆ 1 ಹೆಜ್ಜೆ ಹೋದರೆ ಅವಳಿ. 2 ಹೆಜ್ಜೆ ಅಥವಾ 4 ಹೆಜ್ಜೆ ಹೋದರೆ ಸಮಸಂಖ್ಯೆ ಸಿಗುತ್ತದೆ, ಪ್ರಯೋಜನವಿಲ್ಲ. 3 ಹೆಜ್ಜೆ ಹೋದರೆ 3ರ ಮಗ್ಗಿ, ಅದೂ ಆಗಲ್ಲ. ಮುಂದೆ ಆಗಬಹುದಾದದ್ದು 5 ಹೆಜ್ಜೆ, 7 ಹೆಜ್ಜೆ. ಅಂದರೆ ಅಂತರ 10 ಅಥವಾ 14 ಇರಬೇಕು. ನೂರರೊಳಗೆ ಪಕ್ಕಪಕ್ಕದ ಅವಿಭಾಜ್ಯಗಳ ನಡುವೆ ಅಷ್ಟು ದೊಡ್ಡ ಅಂತರವೇ ಇಲ್ಲ. ಅತಿ ಜಾಸ್ತಿ ಅಂದರೆ 89 ಮತ್ತು 97ರ ನಡುವಿನ 8. ಅದಕ್ಕೇ ಅವಳ ಪಟ್ಟಿಯಲ್ಲಿ ಎಲ್ಲವೂ ಕೂಡಿಬಂತು. 14ರ ಅಂತರ ಮೊದಲು ಕಾಣಿಸುವುದು 113ರಲ್ಲಿ, 10ರ ಅಂತರ 139ರಲ್ಲಿ. 139+149=288, ಅದೂ 12ರ ಮಗ್ಗಿ.

ನನ್ನ ಅನುಭವದಲ್ಲಿ ಗಣಿತ ಇಷ್ಟಪಡುವ ಮಕ್ಕಳೆಲ್ಲ ಎಡವುವುದು ಇದೇ ಜಾಗದಲ್ಲಿ. ನೂರರವರೆಗೆ ಸರಿಬಂತು ಅಂದರೆ ಮುಂದೆಯೂ ಬರುತ್ತದೆ ಅಂದುಕೊಳ್ಳುತ್ತಾರೆ. ಚಿಕ್ಕ ಸಂಖ್ಯೆಗಳಿಗೆ ಓಡಾಡಲು ಜಾಗ ಕಡಿಮೆ, ಸುಮ್ನೆ ಒಂದಕ್ಕೊಂದು ಹೊಂದಿಕೊಂಡುಬಿಡುತ್ತವೆ.

ಮೂರನೇ ಮಾತು, ಅವಳಿಗಳಿಗೆ ಕೊನೆಯಿಲ್ಲ ಅನ್ನುವ ಸಾಧನೆ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಅಂತ ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸಾಧಿಸಿದ ದಾರಿಯನ್ನೇ ಅವಳು ಹಿಡಿದಿದ್ದಾಳೆ: ಮೊದಲ ಕೆಲವು ಅವಿಭಾಜ್ಯಗಳ ಪಟ್ಟಿ ಮಾಡಿ, ಎಲ್ಲವನ್ನೂ ಗುಣಿಸಿ, ಬಂದದ್ದರ ಆಚೆ ಈಚೆ ನೋಡುವುದು. 2×3=6, ಆಚೆ ಈಚೆ 5 ಮತ್ತು 7. 2×3×5=30, ಆಚೆ ಈಚೆ 29 ಮತ್ತು 31. ಮುಂದಿನದು 2×3×5×7=210. ಇದರ ಹಿಂದಿನ 209 ಅಂದರೆ 11×19, ಅವಿಭಾಜ್ಯ ಅಲ್ಲ. ಇಲ್ಲಿ ಅವಳು "ಒಂದು ಅಪವಾದ" ಅಂತ ಬರೆದು ಮುಂದಕ್ಕೆ ಹೋಗಿದ್ದಾಳೆ. 2310ರಲ್ಲಿ 2309, 2311 ಎರಡೂ ಅವಿಭಾಜ್ಯ. ಅವಳಿಗೆ ಎಷ್ಟು ಖುಷಿಯಾಗಿರಬೇಕು ಅಂತ ಊಹಿಸಬಲ್ಲೆ, ಎರಡು ಗೆರೆ ಎಳೆದಿದ್ದಾಳೆ. ಆದರೆ ಅದರ ಮುಂದಿನ 30030ರಲ್ಲಿ 30031 ಅಂದರೆ 59×509.

ತಪ್ಪಿರುವುದು ಒಂದೇ ಸಾಲಿನಲ್ಲಿ. "ಪಟ್ಟಿಯಲ್ಲಿರುವ ಯಾವ ಅವಿಭಾಜ್ಯದಿಂದಲೂ ಭಾಗವಾಗುವುದಿಲ್ಲ, ಆದ್ದರಿಂದ ಅದೇ ಅವಿಭಾಜ್ಯ" ಅಂತ ಬರೆದಿದ್ದಾಳೆ. ಪಟ್ಟಿಯ ಹೊರಗಿನ ಅವಿಭಾಜ್ಯದಿಂದ ಭಾಗವಾಗಬಹುದಲ್ವಾ? 209ಕ್ಕೆ ಆದದ್ದು ಅದೇ. ಯೂಕ್ಲಿಡ್‌ಗೆ ಇದು ತೊಂದರೆಯಾಗಲಿಲ್ಲ. ಪಟ್ಟಿಯಲ್ಲಿಲ್ಲದ ಹೊಸ ಅವಿಭಾಜ್ಯ ಒಂದು ಇದೆ ಅಂತ ತೋರಿಸಿದರೆ ಅವನ ಕೆಲಸ ಮುಗಿಯುತ್ತಿತ್ತು. ಅದು 11 ಆದರೇನು, 19 ಆದರೇನು. ನಿಮ್ಮ ಮಗಳಿಗೆ ಬೇಕಾದದ್ದು ಬೇರೆ: ಎರಡು ಹೊಸ ಅವಿಭಾಜ್ಯಗಳು, ಅದೂ ಸರಿಯಾಗಿ ಎರಡೇ ಅಂತರದಲ್ಲಿ. ಆ ದಾರಿಯಲ್ಲಿ ಅದು ಸಿಗುವುದಿಲ್ಲ.

ಇದು ಇಷ್ಟು ಕಷ್ಟ ಯಾಕೆ ಅಂದರೆ, ಅವಿಭಾಜ್ಯ ಅನ್ನುವುದು ಗುಣಾಕಾರದ ವಿಷಯ, ಎರಡು ಕೂಡಿಸುವುದು ಸಂಕಲನದ ವಿಷಯ. ಒಂದು ಸಂಖ್ಯೆಗೆ 2 ಕೂಡಿದರೆ ಅದು ಯಾವುದರಿಂದ ಭಾಗವಾಗುತ್ತದೆ ಅನ್ನುವುದು ಪೂರ್ತಿ ಬದಲಾಗುತ್ತದೆ. ಅವಳಿಗಳನ್ನು ಹಿಡಿಯಲು ಗಣಿತಜ್ಞರು ಬಳಸುವ ಮುಖ್ಯ ಸಾಧನ ಜರಡಿ. 2ರ ಮಗ್ಗಿ, 3ರ ಮಗ್ಗಿ, 5ರ ಮಗ್ಗಿ ಅಂತ ಸೋಸುತ್ತಾ ಹೋಗುವುದು. ಆದರೆ ಒಂದು ಸಂಖ್ಯೆಗೆ ಒಂದೇ ಅವಿಭಾಜ್ಯ ಗುಣಕ ಇದೆಯೋ ಎರಡಿವೆಯೋ ಅಂತ ಬೇರೆ ಮಾಡುವಷ್ಟು ನಯ ಬರೀ ಜರಡಿಗೆ ಇಲ್ಲ. 1973ರಲ್ಲಿ ಚೀನಾದ ಚೆನ್ ಜಿಂಗ್‌ರನ್ ಸಾಧಿಸಿದ್ದು ಬಹುತೇಕ ಆ ಗಡಿಯವರೆಗೆ ಬಂದು ನಿಂತಿತು: ಒಂದು ಅವಿಭಾಜ್ಯಕ್ಕೆ 2 ಕೂಡಿದಾಗ ಬರುವುದು ಅವಿಭಾಜ್ಯ ಅಥವಾ ಎರಡೇ ಅವಿಭಾಜ್ಯಗಳ ಗುಣಲಬ್ಧ ಆಗಿರುವ ಸಂದರ್ಭಗಳಿಗೆ ಕೊನೆಯಿಲ್ಲ.

2013ರಲ್ಲಿ ಯಿಟಾಂಗ್ ಜಾಂಗ್ ಅನ್ನುವವರು ಇನ್ನೊಂದು ಬಾಗಿಲು ತೆರೆದರು. 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳು ಮುಗಿಯುವುದೇ ಇಲ್ಲ ಅಂತ ತೋರಿಸಿದರು. ಆಗ ಅವರಿಗೆ ಐವತ್ತು ದಾಟಿತ್ತು. ಡಾಕ್ಟರೇಟ್ ಆದಮೇಲೂ ಸರಿಯಾದ ಹುದ್ದೆ ಸಿಗದೆ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಕೆಲಸ ಮಾಡಿದ್ದವರು. 2ರ ಮುಂದೆ 7 ಕೋಟಿ ತುಂಬಾ ದೂರ ಅನ್ನಿಸಬಹುದು. ಆದರೆ ಅದಕ್ಕೂ ಮೊದಲು ಯಾವ ಮಿತಿಯೂ ಇರಲಿಲ್ಲ. ಅದೇ ವರ್ಷ ಜೇಮ್ಸ್ ಮೇನಾರ್ಡ್ ಬೇರೆ ದಾರಿಯಲ್ಲಿ ಅದನ್ನು 600ಕ್ಕೆ ಇಳಿಸಿದರು. ಮರುವರ್ಷ ಹಲವರು ಒಟ್ಟು ಸೇರಿ 246ಕ್ಕೆ ತಂದರು. ಅಲ್ಲಿಗೆ ನಿಂತಿದೆ. 246ರಿಂದ 2ಕ್ಕೆ ಇಳಿಯುವ ದಾರಿ ಯಾರಿಗೂ ಕಂಡಿಲ್ಲ. ನಿಮ್ಮ ಮಗಳು ಸೋತಿರುವುದು ಇಂಥವರ ಸಾಲಿನಲ್ಲಿ.

ಅವಳಿಗಳು ಮುಗಿಯುವುದಿಲ್ಲ ಅಂತ ನಾವೆಲ್ಲ ನಂಬುತ್ತೇವೆ. ನೂರರೊಳಗೆ 25 ಅವಿಭಾಜ್ಯ, 8 ಅವಳಿ ಜೋಡಿ. ಸಾವಿರದೊಳಗೆ 168 ಮತ್ತು 35. ಹತ್ತು ಲಕ್ಷದೊಳಗೆ 78,498 ಮತ್ತು 8,169. ವಿರಳವಾಗುತ್ತಾ ಹೋಗುತ್ತವೆ, ಆದರೆ ಬತ್ತುವ ಲಕ್ಷಣ ಇಲ್ಲ. 2016ರಲ್ಲಿ ಸಿಕ್ಕ ಒಂದು ಜೋಡಿಯಲ್ಲಿ ಒಂದೊಂದಕ್ಕೂ 3,88,342 ಅಂಕಿಗಳಿವೆ. ಇಷ್ಟಿದ್ದರೂ ನಂಬಿಕೆ ಬೇರೆ, ಸಾಧನೆ ಬೇರೆ.

ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಬ್ಯಾಂಕಿನ ಗುಪ್ತಲಿಪಿಯಲ್ಲಿ ದೊಡ್ಡ ಅವಿಭಾಜ್ಯಗಳ ಬಳಕೆ ಇದೆ, ಅದು ನಿಜ. ಎರಡನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಆ ಎರಡನ್ನು ವಾಪಸ್ ಬಿಡಿಸುವುದು ಕಷ್ಟ. ಅದರ ಮೇಲೇ ಆ ವಿಧಾನ ನಿಂತಿದೆ. ಆದರೆ ಅಲ್ಲಿ ಅವಳಿಗಳನ್ನು ಬಳಸಿದರೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ. 899 ಯಾವ ಎರಡರ ಗುಣಲಬ್ಧ ಅಂತ ಕೇಳಿದರೆ ಸ್ವಲ್ಪ ಯೋಚಿಸಬೇಕು. ಅವಳಿಗಳು ಅಂತ ಗೊತ್ತಿದ್ದರೆ ಯೋಚನೆಯೇ ಬೇಡ. 1 ಕೂಡಿ, 900. ವರ್ಗಮೂಲ 30. ಉತ್ತರ 29×31. ನೂರಾರು ಅಂಕಿಗಳ ಅವಳಿಗಳಿಗೂ ಇದೇ ಲೆಕ್ಕ ಸಾಕು. ಪೇಟೆಂಟ್ ಮಾತಂತೂ ಬಿಟ್ಟುಬಿಡಿ. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಪ್ರಕಾರ ಗಣಿತದ ವಿಧಾನಕ್ಕೆ ಪೇಟೆಂಟ್ ಕೊಡುವುದಿಲ್ಲ.

ಹಾಗಂತ ಅವಳಿಗಳಿಂದ ಏನೂ ಉಪಯೋಗ ಆಗಿಲ್ಲ ಅಂತಲ್ಲ. 1994ರಲ್ಲಿ ಅಮೆರಿಕದ ಥಾಮಸ್ ನೈಸ್ಲಿ ಅನ್ನುವ ಗಣಿತದ ಮೇಷ್ಟ್ರು ಅವಳಿಗಳ ವ್ಯುತ್ಕ್ರಮಗಳನ್ನು, ಅಂದರೆ ಐದನೇ ಒಂದು, ಏಳನೇ ಒಂದು ಇಂಥವನ್ನು ಕೂಡುತ್ತಾ ಹೋಗಿದ್ದರು. ಆ ಮೊತ್ತ ಒಂದು ಮಿತಿಯೊಳಗೇ ನಿಲ್ಲುತ್ತದೆ ಅಂತ ವಿಗ್ಗೊ ಬ್ರುನ್ 1919ರಲ್ಲೇ ಸಾಧಿಸಿದ್ದರು. ಸುಮಾರು 1.902. ನೈಸ್ಲಿ ಅವರ ಲೆಕ್ಕ 824633702441 ಮತ್ತು 824633702443 ಅನ್ನುವ ಜೋಡಿಯಲ್ಲಿ ತಪ್ಪಿತು. ತಿಂಗಳುಗಟ್ಟಲೆ ಹುಡುಕಿದರು. ಕೊನೆಗೆ ನೋಡಿದರೆ ದೋಷ ಇದ್ದದ್ದು ಪೆಂಟಿಯಂ ಚಿಪ್‌ನ ಭಾಗಾಕಾರದಲ್ಲೇ! ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ಚಿಪ್ ಪರೀಕ್ಷೆ ಮಾಡುವ ಎಷ್ಟೊಂದು ಜನ ಇದ್ದಾರೆ, ನಿಮ್ಮ ತಮ್ಮನಿಗೂ ಪರಿಚಯ ಇರಬಹುದು. ಈ ಕತೆ ಅವರಿಗೆ ಹೇಳಿ.

ಇನ್ನು ನೋಟ್‌ಬುಕ್ಕಿನ ಹಿಂಭಾಗ. ಅವಳು ಅದನ್ನು "ಟೈಂಪಾಸ್" ಅಂತ ಹೆಸರಿಟ್ಟು ಬಿಟ್ಟಿದ್ದಾಳೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಸಾಲಾಗಿ ಬರುವ ಅವಿಭಾಜ್ಯಗಳನ್ನು ಎರಡು, ಮೂರು, ನಾಲ್ಕು ಅಂತ ಕೂಡುತ್ತಾ ಹೋಗಿದ್ದಾಳೆ. 36 ಅನ್ನುವುದು 17+19 ಕೂಡ, 5+7+11+13 ಕೂಡ. 41 ಅನ್ನುವುದು 11+13+17 ಕೂಡ, 2+3+5+7+11+13 ಕೂಡ. ಮೊದಲ ಒಂಬತ್ತು ಅವಿಭಾಜ್ಯಗಳನ್ನು ಕೂಡಿದರೆ ಸರಿಯಾಗಿ 100. ಇವಕ್ಕೆಲ್ಲ ಬಣ್ಣದ ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ. ಅವಳಿಗೆ 311 ತೋರಿಸಿ. ಅದು ತಾನೇ ಅವಿಭಾಜ್ಯ. 101+103+107 ಕೂಡಿದರೂ 311. 53ರಿಂದ 71ರವರೆಗಿನ ಐದನ್ನು ಕೂಡಿದರೂ 311. 31ರಿಂದ 59ರವರೆಗಿನ ಏಳು, 11ರಿಂದ 47ರವರೆಗಿನ ಹನ್ನೊಂದು, ಎಲ್ಲಕ್ಕೂ ಅದೇ ಉತ್ತರ. ಒಟ್ಟು ಐದು ರೀತಿ. ಒಂದು ಸಂಖ್ಯೆಯನ್ನು ಹೀಗೆ ಎಷ್ಟು ರೀತಿಯಲ್ಲಿ ಬರೆಯಬಹುದು ಅಂತ ಲಿಯೋ ಮೋಸರ್ 1963ರಲ್ಲಿ ಯೋಚಿಸಿದರು. ಕೆಲವಕ್ಕೆ ಒಂದು ರೀತಿಯೂ ಇಲ್ಲ, ಕೆಲವಕ್ಕೆ ಹಲವು. ಸರಾಸರಿ ತೆಗೆದರೆ ಅದು 2ರ ನ್ಯಾಚುರಲ್ ಲಾಗರಿದಮ್ ಕಡೆಗೆ, ಅಂದರೆ ಸುಮಾರು 0.693ರ ಕಡೆಗೆ ಹೋಗುತ್ತದೆ ಅಂತ ಸಾಧಿಸಿದರು. ಪಿಯುಸಿಯ ಲಾಗರಿದಮ್ ಇಲ್ಲಿ ಬಂದು ಕೂತಿರುವುದನ್ನು ನೋಡಿದಾಗ ನನಗೆ ಈಗಲೂ ಮೈ ಜುಮ್ಮನ್ನುತ್ತದೆ. ಪೈಥಾನ್ ಕಲಿಯುತ್ತಿರುವ ಹುಡುಗಿಗೆ ಈ ಸರಾಸರಿಯನ್ನು ತಾನೇ ಲೆಕ್ಕ ಹಾಕಿ ನೋಡುವುದು ಒಂದು ಭಾನುವಾರದ ಕೆಲಸ.

ಮುಂದೇನು ಮಾಡಬಹುದು? ದುಡ್ಡು ಕೇಳುವ ಆ ಜರ್ನಲ್‌ಗೆ ಕೊಟ್ಟರೆ 6,500 ಹೋಗುತ್ತದೆ ಅನ್ನುವುದು ಚಿಕ್ಕ ನಷ್ಟ. ಓದಿ ನೋಡಿದವರು ಯಾರಾದರೂ ಆ ಒಂದು ಸಾಲು ಹಿಡಿಯುತ್ತಿದ್ದರು. ಹದಿನೈದು ದಿನದಲ್ಲಿ ಗ್ಯಾರಂಟಿ ಅಂದರೆ ಯಾರೂ ಓದುವುದಿಲ್ಲ ಅಂತಲೇ ಅರ್ಥ. ಮುಂದೆ ಅವಳು ನಿಜವಾಗಿ ಗಣಿತ ಓದಲು ಹೋದಾಗ ಅವಳ ಹೆಸರು ಹುಡುಕಿದವರಿಗೆ ಮೊದಲು ಸಿಗುವುದು ಈ ತಪ್ಪು ಸಾಧನೆ. ಅದು ದೊಡ್ಡ ನಷ್ಟ. ನಮ್ಮ ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವಿಭಾಜ್ಯಗಳ ಮೇಲೆ ಜೀವನಪೂರ್ತಿ ಕೆಲಸ ಮಾಡಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋದರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆ ಸೇರಿ ಹಾರ್ಡಿ-ರಾಮಾನುಜನ್ ಜರ್ನಲ್ ಶುರುಮಾಡಿದರು. ಅದರ ಸಂಚಿಕೆಗಳನ್ನು ಇವತ್ತಿಗೂ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಜರ್ನಲ್ ಅಂದರೆ ಏನು ಅಂತ ಅವಳು ಅದನ್ನು ತೆರೆದು ನೋಡಲಿ, ಅರ್ಥ ಆಗದಿದ್ದರೂ ಪರವಾಗಿಲ್ಲ.

ಐಐಎಸ್‌ಸಿಗೋ ಮೈಸೂರು ರಸ್ತೆಯ ಐಎಸ್‌ಐಗೋ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಮೇಲ್ ಕಳಿಸಬಹುದು. ಆದರೆ "ಅವಳಿ ಅವಿಭಾಜ್ಯಗಳನ್ನು ಸಾಧಿಸಿದ್ದೇನೆ" ಅಂತ ಶುರುಮಾಡಿದರೆ ಉತ್ತರ ಬರುವುದು ಕಷ್ಟ. ಇಂಥ ಮೇಲ್‌ಗಳು ಅವರಿಗೆ ಬರುತ್ತಲೇ ಇರುತ್ತವೆ, ನನಗೂ ಬರುತ್ತವೆ. ಉತ್ತರ ಬರದಿದ್ದರೆ ಮಗು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಒಂದು ಪುಟ ಬರೆದು, ಕೊನೆಗೆ ಒಂದು ಪ್ರಶ್ನೆ ಕೇಳಿದರೆ ಓದುವವರು ಇದ್ದಾರೆ. ಅದಕ್ಕಿಂತ ಒಳ್ಳೆಯದು, 12ರ ಮಗ್ಗಿಯ ಕತೆಯನ್ನೂ ಅದು 240ರಲ್ಲಿ ಮುರಿದದ್ದನ್ನೂ ಎರಡು ಪುಟ ಮಾಡಿ ಬರೆಯುವುದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಿಂದ ಬರುವ ಅಟ್ ರೈಟ್ ಆಂಗಲ್ಸ್ ಇಂಥ ಶಾಲಾ ಗಣಿತಕ್ಕೆಂದೇ ಇರುವ ಪತ್ರಿಕೆ. ಕನ್ನಡದಲ್ಲಿ ಬರೆಯುವುದಾದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲವಿಜ್ಞಾನ ಇದೆ. ಅಲ್ಲಿಯೂ ವಾಪಸ್ ಬರಬಹುದು. ಆದರೆ ಯಾಕೆ ವಾಪಸ್ ಬಂತು ಅಂತ ತಿಳಿದರೆ ಅದೂ ಪಾಠವೇ.

ಅವರಪ್ಪನ ಆತಂಕವನ್ನೂ ಹಗುರ ಮಾಡಬೇಡಿ. ಸಿಇಟಿಯಲ್ಲಿ ಗಣಿತಕ್ಕೆ 80 ನಿಮಿಷ, 60 ಪ್ರಶ್ನೆ. ಅಲ್ಲಿ ಒಂದೇ ಪ್ರಶ್ನೆಯ ಮೇಲೆ ನಾಲ್ಕು ತಿಂಗಳು ಕೂರುವ ಗುಣಕ್ಕೆ ಅಂಕ ಇಲ್ಲ. ಆದರೆ ಅವಳಿನ್ನೂ ಮೊದಲ ವರ್ಷ, ಸಿಇಟಿ ಮುಂದಿನ ವರ್ಷ. ನೋಟ್‌ಬುಕ್ ಎತ್ತಿಟ್ಟರೆ ಅವಳು ಆ ಸಮಯವನ್ನು ಸಿಇಟಿಗೆ ಕೊಡುತ್ತಾಳೆ ಅನ್ನುವುದು ನನಗೆ ನಂಬಿಕೆಯಿಲ್ಲ, ಮುನಿಸಿಕೊಂಡು ಕೂರುತ್ತಾಳೆ. ವಾರಕ್ಕೆ ಇಷ್ಟು ಹೊತ್ತು ಅಂತ ಇಬ್ಬರೂ ಕೂತು ಮಾತಾಡಿ. ಗಣಿತ ಒಲಿಂಪಿಯಾಡ್‌ನ ಮೊದಲ ಹಂತವಾದ ಐಒಕ್ಯೂಎಂ ಬರೆಯಬಹುದು, ಅದರಲ್ಲಿ ಸಂಖ್ಯಾಸಿದ್ಧಾಂತಕ್ಕೆ ಒಳ್ಳೆಯ ಜಾಗ ಇದೆ. ಅದನ್ನು ಮತ್ತೊಂದು ಕೋಚಿಂಗ್ ಕ್ಲಾಸ್ ಮಾಡಿಬಿಟ್ಟರೆ ಮಾತ್ರ ಇರುವ ಆಸೆಯೂ ಹೋಗುತ್ತದೆ.

ಕೊನೆಯದು, ಹೇಗೆ ಹೇಳುವುದು. ವರ್ಷಗಳ ಹಿಂದೆ ನನ್ನ ಹತ್ತಿರವೂ ಒಬ್ಬ ಹುಡುಗ ಇಂಥದೇ ಸಾಧನೆ ತಂದಿದ್ದ. ನಾನು ಅದನ್ನು ತರಗತಿಯಲ್ಲಿ ಎಲ್ಲರೆದುರು ಬೋರ್ಡ್ ಮೇಲೆ ಬರೆದು ತಪ್ಪಿನ ಕೆಳಗೆ ಗೆರೆ ಎಳೆದೆ. ಗಣಿತದ ಮಟ್ಟಿಗೆ ನಾನು ಹೇಳಿದ್ದು ಸರಿಯೇ. ಅವನು ಆಮೇಲೆ ಯಾವತ್ತೂ ನನ್ನ ಹತ್ತಿರ ಪ್ರಶ್ನೆ ತರಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಅದಕ್ಕೇ ಈ ಉತ್ತರವನ್ನು ಅವಳಿಗೆ ಈಗಲೇ ತೋರಿಸಬೇಡಿ. ಸುಮ್ನೆ ಪಕ್ಕದಲ್ಲಿ ಕೂತು, "ಪಟ್ಟಿ 97ಕ್ಕೇ ಯಾಕೆ ನಿಲ್ಲಿಸಿದೆ, ಇನ್ನೊಂದು ಆರು ಸಾಲು ಬರೆಯಲ್ವಾ?" ಅಂತ ಕೇಳಿ. ಆರನೇ ಸಾಲು 113+127. ಅದನ್ನು ಅವಳೇ ಕೂಡಲಿ. ಆಮೇಲೆ ಅವಳ ಮುಖ ನೋಡಿಕೊಂಡು ಈ ಪುಟ ಕೊಡಿ, ಜೊತೆಗೆ ನನ್ನ ಕಡೆಯಿಂದ ಒಂದು ಪ್ರಶ್ನೆ: 240 ಆಯಿತು, 288 ಆಯಿತು, ಅವಳಿ ಅಲ್ಲದೆಯೂ 12ರ ಮಗ್ಗಿಗೆ ಬರುವ ಮುಂದಿನ ಜೋಡಿ ಯಾವುದು? ಸಾವಿರದೊಳಗೆ ಇಂಥವು ಎಷ್ಟಿವೆ, ಅವುಗಳಲ್ಲಿ 10ರ ಅಂತರದವು ಜಾಸ್ತಿಯೋ 14ರ ಅಂತರದವೋ?